ಏರಿಲ್ಲದ ಏರಿಯ ಮೇಲೆ

ಬೆಟ್ಟವಿಲ್ಲ, ಜಲಪಾತವಿಲ್ಲ, ವ್ಯೂ ಪಾಯಿಂಟ್ ಅಂತೂ ಇಲ್ಲವೇ ಇಲ್ಲ. ಐರ್ಲೆಂಡಿನ ನಡುನಾಡಿನಲ್ಲಿರುವುದು ಎರಡು ಹಳೆಯ ನಾಲೆಗಳು ಮತ್ತು ಅವು ಹಾದುಹೋಗುವ ಪೀಟ್ ಜೌಗು, ಅಂದರೆ ಪೂರ್ತಿ ಕೊಳೆಯದ ಸಸ್ಯಗಳು ಕಟ್ಟಿದ ನೆಲ. ಮಂಡಿನೋವಿನವರೂ ನಡೆಯಬಹುದಾದ ಈ ಸಲೀಸು ದಾರಿಯ ಹಿಂದೆ ಸಲೀಸಲ್ಲದ ಚರಿತ್ರೆಯೊಂದಿದೆ.

ಡಬ್ಲಿನ್ ನಗರದ ಪೂರ್ವದ ಅಂಚಿನಲ್ಲಿ ಗ್ರ್ಯಾಂಡ್ ಕೆನಾಲ್ ಡಾಕ್ ಎಂಬ ಹಳೆಯ ದೋಣಿಕಟ್ಟೆ ಇದೆ. ಸರಕು ದೋಣಿಗಳಿಗೆಂದು 1796ರಲ್ಲಿ ತೆರೆದದ್ದು. ಈಗ ಅದರ ಸುತ್ತ ಗಾಜಿನ ಗೋಡೆಯ ಕಚೇರಿಗಳು ಎದ್ದಿವೆ. ಗೂಗಲ್‌ನ ದೊಡ್ಡ ಕಚೇರಿಯೂ ಅಲ್ಲೇ ಪಕ್ಕದ ಬೀದಿಯಲ್ಲಿದೆ. ಬೆಂಗಳೂರು, ಮೈಸೂರುಗಳಿಂದ ಕೆಲಸಕ್ಕೆ ಬಂದ ಕನ್ನಡಿಗರು ಊಟದ ಬಿಡುವಿನಲ್ಲಿ ಈ ನೀರಿನ ಸುತ್ತ ಒಂದು ಸುತ್ತು ಹಾಕುವುದುಂಟು. ಶನಿವಾರ ಬಂತೆಂದರೆ ಮಾತ್ರ ಎಲ್ಲರೂ ಕಾರು ಹತ್ತಿ ಪಶ್ಚಿಮದ ಕರಾವಳಿಗೆ ಹೊರಡುತ್ತಾರೆ. ಊರಿನಿಂದ ಅಪ್ಪ ಅಮ್ಮ ಬಂದಾಗಲೂ ಅದೇ ಯಾತ್ರೆ: ಮೋಹರ್ ಬಂಡೆಗಳ ತುದಿ, ಬಿರುಗಾಳಿ, ಹಾರಿಹೋಗುವ ಛತ್ರಿ, ಮೂರು ಫೋಟೊ, ವಾಪಸು. ನಡುವಿನ ಎರಡು ಗಂಟೆಯ ದಾರಿಯಲ್ಲಿ ಕಿಟಕಿಯಾಚೆ ಮಟ್ಟಸವಾದ ನೆಲ ಓಡುತ್ತಿರುತ್ತದೆ. ಅಲ್ಲಿ ಇಳಿಯಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಇಳಿಯಬೇಕಾದದ್ದು ಅಲ್ಲೇ. ಆ ಡಾಕ್‌ನ ನೀರಿನ ಜಾಡು ಹಿಡಿದು ಪಶ್ಚಿಮಕ್ಕೆ ನಡೆದರೆ ನಗರ ಮುಗಿಯುತ್ತದೆ, ದನ ಮೇಯುವ ಹಸಿರು ಮುಗಿಯುತ್ತದೆ, ಆಮೇಲೆ ಕಂದುಬಣ್ಣದ, ಮರವಿಲ್ಲದ, ಕಣ್ಣು ಹಾಯುವಷ್ಟು ಅಗಲದ ಜೌಗು ತೆರೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಏದುಸಿರು ಬಿಡಿಸುವ ಒಂದು ಏರೂ ಸಿಗುವುದಿಲ್ಲ. ಹಾಗೆಂದು ಇದು ಪ್ರಕೃತಿ ಕೊಟ್ಟ ಸುಲಭದ ದಾರಿಯೆಂದು ತಿಳಿಯಬಾರದು. ಮಟ್ಟಸವಾದ ಒಂದೊಂದು ಮೈಲಿಯನ್ನೂ ಸಲಿಕೆ ಹಿಡಿದವರು ಮಟ್ಟ ಮಾಡಿದ್ದಾರೆ.

ಕುದುರೆ ನಡೆದ ದಂಡೆ

ಹದಿನೆಂಟನೆಯ ಶತಮಾನದ ಕೆಸರು ರಸ್ತೆಯಲ್ಲಿ ಒಂದು ಕುದುರೆ ಎಳೆಯಬಹುದಾದ ಗಾಡಿಯ ಭಾರ ಒಂದೋ ಎರಡೋ ಟನ್. ಅದೇ ಕುದುರೆಯನ್ನು ನಾಲೆಯ ದಂಡೆಗೆ ತಂದು ಹಗ್ಗದ ಇನ್ನೊಂದು ತುದಿಗೆ ದೋಣಿ ಕಟ್ಟಿದರೆ ಮೂವತ್ತು ಟನ್ನಿಗೂ ಮಿಕ್ಕ ಸರಕು ಅದರ ಹಿಂದೆ ತೇಲಿಕೊಂಡು ಬರುತ್ತಿತ್ತು. ಯುರೋಪಿನವರಿಗೆ ನಾಲೆಯ ಹುಚ್ಚು ಹಿಡಿಸಿದ್ದು ಈ ಲೆಕ್ಕ. ಕುದುರೆಗೆಂದು ನೀರಿನ ಪಕ್ಕದಲ್ಲಿ ಬಿಟ್ಟ ದಾರಿಯೇ ಟೋಪಾತ್. ಇವತ್ತು ವಾಕಿಂಗ್‌ಗೆ ಬರುವವರು ತುಳಿಯುವುದು ಅದನ್ನೇ. ಹಳೆಯ ಕಲ್ಲುಸೇತುವೆಗಳ ಅಡಿ ಹಾಯುವಾಗ ಕಮಾನಿನ ಅಂಚನ್ನು ಒಮ್ಮೆ ಸವರಿ ನೋಡಿ. ಬೆರಳು ಹಿಡಿಸುವಷ್ಟು ಆಳದ ಗೀರುಗಳು ಸಿಗುತ್ತವೆ. ಒದ್ದೆ ಹಗ್ಗ ತಲೆಮಾರುಗಳ ಕಾಲ ಉಜ್ಜಿ ಉಜ್ಜಿ ಕಲ್ಲನ್ನು ಕೊರೆದ ಗುರುತು ಅದು.

ನಮ್ಮ ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯಂಥದ್ದಲ್ಲ ಇದು. ನೀರಾವರಿ ನಾಲೆಯಲ್ಲಿ ನೀರು ಹರಿಯಬೇಕು, ಅದಕ್ಕೆ ಇಳಿಜಾರು ಬೇಕು. ದೋಣಿಯ ನಾಲೆಯಲ್ಲಿ ನೀರು ನಿಂತಿರಬೇಕು. ನೆಲ ಏರಿದ ಕಡೆ ‘ಲಾಕ್’ ಕಟ್ಟುತ್ತಾರೆ: ಹಿಂದೆ ಮುಂದೆ ಮರದ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ನೀರನ್ನು ಬಿಟ್ಟರೆ ದೋಣಿ ತಾನಾಗಿ ಮೇಲೇಳುತ್ತದೆ. ಹೀಗೆ ಏರನ್ನೆಲ್ಲ ಲಾಕ್‌ಗಳಲ್ಲಿ ಕಟ್ಟಿಹಾಕಿ ಉಳಿದ ದಾರಿಯನ್ನು ಸಪಾಟು ಮಾಡಿದ್ದಾರೆ. ಇಲ್ಲಿನ ಎರಡು ನಾಲೆಗಳಲ್ಲಿ ಒಂದಾದ ರಾಯಲ್ ಕೆನಾಲ್‌ನ ಅತ್ಯಂತ ಎತ್ತರದ ಭಾಗವೂ ಸಮುದ್ರಮಟ್ಟದಿಂದ ನೂರು ಮೀಟರ್ ದಾಟುವುದಿಲ್ಲ. ಡಬ್ಲಿನ್‌ನಿಂದ ದೇಶದ ನಡುಮಧ್ಯದವರೆಗೆ ನಡೆದರೂ ಹತ್ತಿದ್ದು ಇಷ್ಟೇ.

ನಾಲೆಗಳು ಎರಡು. ದಕ್ಷಿಣದ್ದು ಗ್ರ್ಯಾಂಡ್ ಕೆನಾಲ್. 1756ರಲ್ಲಿ ತೋಡಲು ಶುರು ಮಾಡಿದ್ದು ಶ್ಯಾನನ್ ನದಿಯನ್ನು ಮುಟ್ಟಿದ್ದು 1804ರಲ್ಲಿ. ಸುಮಾರು 131 ಕಿಲೋಮೀಟರು, 43 ಲಾಕ್‌ಗಳು. ಇಷ್ಟು ತಡವಾಗುವುದಕ್ಕೆ ಒಂದು ದೊಡ್ಡ ಕಾರಣ ಆ್ಯಲನ್ ಜೌಗು. ಕಾಲಿಟ್ಟರೆ ಕುಸಿಯುವ ನೆಲದಲ್ಲಿ ನೀರಿನ ದಾರಿ ಮಾಡುವುದು ಹೇಗೆ? ಬ್ರಿಟನ್ನಿನ ಹೆಸರಾಂತ ಎಂಜಿನಿಯರ್ ಜಾನ್ ಸ್ಮೀಟನ್‌ನನ್ನು ಸಲಹೆಗೆ ಕರೆಸಿದರು. ಅವನ ಜೊತೆಗಾರ ವಿಲಿಯಂ ಜೆಸಪ್ ಆಮೇಲೂ ಕೆಲಸದಲ್ಲಿ ತೊಡಗಿದ್ದ. ಜೌಗಿನ ನೀರು ಬಸಿದಂತೆಲ್ಲ ಸುತ್ತಲ ನೆಲ ಕುಗ್ಗುತ್ತ ಹೋಯಿತು, ನಾಲೆ ಮೇಲೆಯೇ ಉಳಿಯಿತು. ಹಾಗಾಗಿ ಎಡೆಂಡೆರಿ ಊರಿನ ಸುತ್ತಮುತ್ತ ಇವತ್ತು ನಾಲೆ ಎತ್ತರದ ಏರಿಯ ಮೇಲೆ ಸಾಗುತ್ತದೆ, ಜೌಗು ಕೆಳಗೆ ಕಾಣುತ್ತದೆ. ಅಲ್ಲಿ ಏರಿ ಒಡೆದು ನೀರು ನುಗ್ಗಿದ್ದೂ ಉಂಟು; 1989ರಲ್ಲಿ ದೊಡ್ಡದಾಗಿಯೇ ಒಡೆಯಿತು.

ಉತ್ತರದ ರಾಯಲ್ ಕೆನಾಲ್ ಹುಟ್ಟಿದ್ದು ಜಗಳದಿಂದ ಎನ್ನುತ್ತಾರೆ. ಗ್ರ್ಯಾಂಡ್ ಕೆನಾಲ್ ಕಂಪನಿಯ ನಿರ್ದೇಶಕ ಜಾನ್ ಬಿನ್ಸ್ ತನ್ನವರ ಮೇಲೆ ಮುನಿಸಿಕೊಂಡು ಹೊರಬಂದು, ನಿಮಗೆ ಸಡ್ಡು ಹೊಡೆಯುವ ನಾಲೆ ಕಟ್ಟುತ್ತೇನೆಂದು ಪಣ ತೊಟ್ಟನಂತೆ. ಕಥೆ ಎಷ್ಟು ನಿಜವೋ, ಅವನ ಹೆಸರಿನ ಸೇತುವೆ ಡಬ್ಲಿನ್‌ನಲ್ಲಿ ಇದೆ. ಕೆಲಸ ಶುರುವಾದದ್ದು 1790ರಲ್ಲಿ. ಹೂಡಿಕೆ ಮಾಡಿದ್ದ ಲೀನ್‌ಸ್ಟರ್‌ನ ಡ್ಯೂಕ್ ತನ್ನ ಮೇನೂತ್ ಊರಿನ ಮೇಲೆಯೇ ನಾಲೆ ಹೋಗಬೇಕೆಂದು ಹಟ ಹಿಡಿದ. ಅದಕ್ಕಾಗಿ ರೈ ಎಂಬ ಹೊಳೆಯ ಮೇಲೆ ನೀರಿನ ಸೇತುವೆಯನ್ನೇ ಕಟ್ಟಬೇಕಾಯಿತು. ಶ್ಯಾನನ್ ನದಿ ತಲುಪುವ ಹೊತ್ತಿಗೆ 1817. ಪಕ್ಕದಲ್ಲೇ ಇನ್ನೊಂದು ನಾಲೆ ಇದ್ದಮೇಲೆ ಲಾಭ ಎಲ್ಲಿಂದ ಬರಬೇಕು? 1845ರಲ್ಲಿ ರೈಲು ಕಂಪನಿಯೊಂದು ಇಡೀ ನಾಲೆಯನ್ನು ಕೊಂಡು, ಅದರ ಪಕ್ಕದಲ್ಲಿಯೇ ಹಳಿ ಹಾಕಿತು. ನಾಲೆಯ ಪಾಲಿಗೆ ಅದು ಸೋಲು, ಇಂದಿನ ನಡಿಗೆಯವರಿಗೆ ವರ. ಒಂದು ನಿಲ್ದಾಣದಲ್ಲಿ ಇಳಿದು, ಕೈಲಾದಷ್ಟು ನಡೆದು, ಮುಂದಿನ ನಿಲ್ದಾಣದಲ್ಲಿ ರೈಲು ಹತ್ತಿ ಮನೆಗೆ ಮರಳಬಹುದು.

ಗ್ರ್ಯಾಂಡ್ ಕೆನಾಲ್ ಹೆಚ್ಚು ಕಾಲ ದುಡಿಯಿತು. ಜೌಗಿನ ಟರ್ಫ್, ಅಂದರೆ ಕೊಯ್ದು ಒಣಗಿಸಿದ ಪೀಟ್ ಹೆಂಟೆಗಳು, ಡಬ್ಲಿನ್‌ನ ಒಲೆಗಳಿಗೆ ಹೋದವು. ಗಿನ್ನೆಸ್ ಬಿಯರಿನ ಪೀಪಾಯಿಗಳು ಡಬ್ಲಿನ್‌ನಿಂದ ಒಳನಾಡಿಗೆ ಬಂದವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಕೈಕೊಟ್ಟಾಗ ಟರ್ಫ್ ಸಾಗಿಸಲೆಂದೇ ಕುದುರೆ ಎಳೆಯುವ ಮರದ ದೋಣಿಗಳನ್ನು ಹೊಸದಾಗಿ ಕಟ್ಟಿಸಿದರು. ಫೀನಿಕ್ಸ್ ಪಾರ್ಕ್‌ನ ದೊಡ್ಡ ರಸ್ತೆಯ ಇಕ್ಕೆಲಗಳಲ್ಲಿ ಟರ್ಫ್ ರಾಶಿಗಳು ಗುಡ್ಡದಂತೆ ಬಿದ್ದಿದ್ದವು. ಗಿನ್ನೆಸ್‌ನ ಕೊನೆಯ ದೋಣಿ ಹೊರಟದ್ದು 1960ರಲ್ಲಿ. ಮರುವರ್ಷ ರಾಯಲ್ ಕೆನಾಲ್ ದೋಣಿ ಸಂಚಾರಕ್ಕೆ ಮುಚ್ಚಿತು. ಆ ದಶಕದಲ್ಲಿ ಡಬ್ಲಿನ್ ನಗರಾಡಳಿತ ಗ್ರ್ಯಾಂಡ್ ಕೆನಾಲ್‌ನ ನಗರದೊಳಗಿನ ಭಾಗವನ್ನು ಮುಚ್ಚಿ ಒಳಚರಂಡಿ ಕೊಳವೆ ಹಾಕಲು ಯೋಚಿಸಿತ್ತು. ಜನ ಎದ್ದು ನಿಂತದ್ದರಿಂದ ಅದು ನಿಂತಿತು. ರಾಯಲ್ ಕೆನಾಲ್‌ನ ಹೂಳೆತ್ತಲು 1974ರಲ್ಲಿ ಸ್ವಯಂಸೇವಕರ ಗುಂಪೊಂದು ಕಟ್ಟಿಕೊಂಡಿತು. ಅವರು ಹಿಡಿದ ಕೆಲಸಕ್ಕೆ ಸರ್ಕಾರವೂ ಕೈಜೋಡಿಸಿ, 2010ರಲ್ಲಿ ದೋಣಿಗಳು ಮತ್ತೆ ಶ್ಯಾನನ್‌ವರೆಗೆ ಹೋದವು. 2021ರ ಮಾರ್ಚಿನಲ್ಲಿ ಮೇನೂತ್‌ನಿಂದ ಲಾಂಗ್‌ಫರ್ಡ್ ಕೌಂಟಿಯ ಕ್ಲೂನ್‌ಡಾರಾವರೆಗಿನ 130 ಕಿಲೋಮೀಟರು ಕುದುರೆ ದಾರಿ ‘ರಾಯಲ್ ಕೆನಾಲ್ ಗ್ರೀನ್‌ವೇ’ ಆಗಿ, ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆಯಿತು.

ಸೇತುವೆಯ ಕಲ್ಲಿಗೆ ಗೀಚಿದ ಸೂತ್ರ

ಡಬ್ಲಿನ್‌ನ ಲುವಾಸ್ ಟ್ರ್ಯಾಮಿನ ಹಸಿರು ಮಾರ್ಗದ ಕೊನೆಯ ನಿಲ್ದಾಣ ಬ್ರೂಮ್‌ಬ್ರಿಜ್. ಇಳಿದರೆ ಎದುರಿಗೇ ರಾಯಲ್ ಕೆನಾಲ್. ಪಕ್ಕದ ಸಾಧಾರಣ ಕಲ್ಲುಸೇತುವೆಗೆ ಗಣಿತದವರು ತೀರ್ಥಕ್ಷೇತ್ರಕ್ಕೆ ಬಂದಂತೆ ಬರುತ್ತಾರೆ. 1843ರ ಅಕ್ಟೋಬರ್ 16ರಂದು ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಹೆಂಡತಿಯೊಡನೆ ಈ ದಂಡೆಯ ಮೇಲೆ ನಡೆದು ನಗರಕ್ಕೆ ಹೋಗುತ್ತಿದ್ದ. ರಾಯಲ್ ಐರಿಶ್ ಅಕಾಡೆಮಿಯ ಸಭೆಗೆ ಅಂದು ಅವನೇ ಅಧ್ಯಕ್ಷ. ತಲೆಯೊಳಗೆ ಬಹಳ ದಿನದಿಂದ ಬಿಡಿಸಲಾಗದ ಗಂಟೊಂದಿತ್ತು: ಮೂರು ಮೂರು ಸಂಖ್ಯೆಗಳ ಗುಂಪನ್ನು ಒಂದಕ್ಕೊಂದು ಗುಣಿಸುವುದು ಹೇಗೆ? ಬೆಳಗಿನ ತಿಂಡಿಗೆ ಕುಳಿತಾಗ ಮಕ್ಕಳು, ಅಪ್ಪಾ, ಗುಣಾಕಾರ ಬಂತೇ ಎಂದು ಕೇಳುತ್ತಿದ್ದರು. ಇಲ್ಲ, ಕೂಡಿಸಿ ಕಳೆಯುವುದಷ್ಟೇ ಬರುತ್ತದೆ ಎಂದು ಅವನು ತಲೆಯಾಡಿಸುತ್ತಿದ್ದ. ಸೇತುವೆಯ ಬಳಿ ಥಟ್ಟನೆ ಹೊಳೆಯಿತು: ಮೂರು ಸಾಲದು, ನಾಲ್ಕು ಬೇಕು. ಜೇಬಿನಿಂದ ಚಾಕು ತೆಗೆದು ಸೂತ್ರವನ್ನು ಅಲ್ಲೇ ಕಲ್ಲಿಗೆ ಗೀಚಿಬಿಟ್ಟ. ಅದೇ ಕ್ವಾಟರ್ನಿಯನ್.

ಇವತ್ತು ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕುವಾಗ, ವಿಡಿಯೊ ಗೇಮಿನಲ್ಲಿ ಪಾತ್ರವೊಂದು ತಿರುಗುವಾಗ ಕೆಲಸ ಮಾಡುವುದು ಅದೇ ಗಣಿತ. ಹ್ಯಾಮಿಲ್ಟನ್ ಗೀಚಿದ್ದು ಎಂದೋ ಅಳಿಸಿಹೋಗಿದೆ. 1958ರಲ್ಲಿ ಹಾಕಿದ ಫಲಕ ಉಳಿದಿದೆ. ಪ್ರತಿ ವರ್ಷ ಅದೇ ದಿನ ಡನ್‌ಸಿಂಕ್ ವೀಕ್ಷಣಾಲಯದಿಂದ ಸೇತುವೆಯವರೆಗೆ ಗಣಿತಾಸಕ್ತರ ನಡಿಗೆ ಇರುತ್ತದೆ. ಏರುಪೇರಿಲ್ಲದ ದಾರಿಯಲ್ಲಿ ಕಾಲಿನ ಮೇಲೆ ಗಮನವಿಡಬೇಕಾಗಿಲ್ಲ. ಎಡವದ ಕಾಲು ತಲೆಗೆ ಬಿಡುವು ಕೊಡುತ್ತದೆ. ಹ್ಯಾಮಿಲ್ಟನ್‌ಗೆ ಸಿಕ್ಕಿದ ಉತ್ತರದಲ್ಲಿ ಆ ದಂಡೆಗೂ ಒಂದು ಪಾಲಿದೆಯೆಂದು ಧಾರಾಳವಾಗಿ ಹೇಳಬಹುದು.

ಕಂಚಿನ ಮಕ್ಕಳ ಶೂ

ಅದೇ ದಂಡೆಯ ಮೇಲೆ ನಾಲ್ಕು ವರ್ಷಗಳ ನಂತರ ಬೇರೆಯೇ ನಡಿಗೆ ನಡೆಯಿತು. 1845ರಲ್ಲಿ ಆಲೂಗಡ್ಡೆಗೆ ಬಿದ್ದ ಅಂಗಮಾರಿ ರೋಗದಿಂದ ಐರ್ಲೆಂಡ್ ಕ್ಷಾಮಕ್ಕೆ ತುತ್ತಾಗಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ಇಡೀ ದ್ವೀಪದ ಜನಸಂಖ್ಯೆ ಕ್ಷಾಮಕ್ಕೆ ಮುಂಚಿನ ಮಟ್ಟವನ್ನು ಇವತ್ತಿಗೂ ಮುಟ್ಟಿಲ್ಲ. ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್ ಜಮೀನ್ದಾರ ಡೆನಿಸ್ ಮಹನ್‌ಗೆ ಗೇಣಿದಾರರನ್ನು ಬಡವರ ಆಶ್ರಮದಲ್ಲಿ ಸಾಕುವುದಕ್ಕಿಂತ ಕೆನಡಾಕ್ಕೆ ಹಡಗಿನ ಟಿಕೆಟ್ ಕೊಡಿಸುವುದು ಅಗ್ಗ ಎನ್ನಿಸಿತು. 1847ರ ಮೇ ತಿಂಗಳಲ್ಲಿ 1,490 ಮಂದಿ, ಮಕ್ಕಳುಮರಿ ಸಮೇತ, ಡಬ್ಲಿನ್ ಬಂದರಿನ ಕಡೆಗೆ ನಡೆದರು. ಅವರಲ್ಲಿ ಬಹಳಷ್ಟು ಜನ ಹಡಗಿನಲ್ಲಿ, ಕೆನಡಾದ ರೋಗಿಗಳ ದ್ವೀಪದಲ್ಲಿ ಜ್ವರದಿಂದ ತೀರಿಕೊಂಡರು. ಅದೇ ನವೆಂಬರಿನಲ್ಲಿ ಮಹನ್‌ನನ್ನು ಯಾರೋ ಗುಂಡಿಟ್ಟು ಕೊಂದರು.

ಅವರು ಹೋದ ಜಾಡನ್ನು ಈಗ ‘ನ್ಯಾಷನಲ್ ಫ್ಯಾಮಿನ್ ವೇ’ ಎಂದು ಗುರುತಿಸಿದ್ದಾರೆ. ಸ್ಟ್ರೋಕ್ಸ್‌ಟೌನ್‌ನಿಂದ ಡಬ್ಲಿನ್‌ಗೆ 165 ಕಿಲೋಮೀಟರು, ಬಹುಪಾಲು ರಾಯಲ್ ಕೆನಾಲ್‌ನ ದಂಡೆಯ ಮೇಲೆಯೇ. ದಾರಿಯುದ್ದಕ್ಕೂ ಮೂವತ್ತಕ್ಕೂ ಹೆಚ್ಚು ಕಡೆ ಕಂಚಿನಲ್ಲಿ ಎರಕ ಹೊಯ್ದ ಮಕ್ಕಳ ಶೂಗಳಿವೆ. ಆ ಕಾಲದ ಪಾಳುಮನೆಯೊಂದರ ಹುಲ್ಲುಚಾವಣಿಯಲ್ಲಿ ಸಿಕ್ಕಿದ ಪುಟ್ಟ ಶೂಗಳೇ ಇವಕ್ಕೆ ಮಾದರಿ. ಸೈಕಲ್ ತುಳಿಯುತ್ತ ಬಂದ ಮಕ್ಕಳು ಇವುಗಳ ಪಕ್ಕದಲ್ಲಿ ಕಾಲಿಟ್ಟು ಅಳತೆ ನೋಡುತ್ತಾರೆ, ಸರಿಹೊಂದುತ್ತದೆ.

ಹಾಲಿಗಿಂತ ತೆಳುವಾದ ನೆಲ

ನಾಲೆಯ ದಂಡೆ ಬಿಟ್ಟು ಜೌಗಿಗೆ ಇಳಿಯೋಣ. ಹಿಮಯುಗ ಮುಗಿದು ಸುಮಾರು 10,000 ವರ್ಷಗಳಾದವು. ಮಂಜುಗಡ್ಡೆ ಕರಗಿದ ಮೇಲೆ ನಡುನಾಡಿನ ತಗ್ಗುಗಳಲ್ಲಿ ಆಳವಿಲ್ಲದ ಕೆರೆಗಳು ಉಳಿದವು. ಅಂಚಿನಲ್ಲಿ ಜೊಂಡು ಬೆಳೆಯಿತು, ಸತ್ತ ಜೊಂಡು ತಳ ಸೇರಿತು, ಕೆರೆ ತುಂಬುತ್ತ ಬಂತು. ಆಮೇಲೆ ಬಂದದ್ದು ಸ್ಫ್ಯಾಗ್ನಮ್ ಎಂಬ ಪಾಚಿ. ತನ್ನ ಒಣತೂಕದ ಇಪ್ಪತ್ತರಷ್ಟು ನೀರನ್ನು ಹಿಡಿದಿಡಬಲ್ಲ, ಬೇರಿಲ್ಲದ ಸಸ್ಯ ಇದು. ಮಳೆನೀರೊಂದೇ ಸಾಕು. ಸುತ್ತಲ ನೀರನ್ನು ಹುಳಿ ಮಾಡುತ್ತದೆ, ಗಾಳಿಯಾಡದಂತೆ ಮಾಡುತ್ತದೆ, ಹಾಗಾಗಿ ಸತ್ತದ್ದು ಪೂರ್ತಿ ಕೊಳೆಯುವುದಿಲ್ಲ. ತುದಿ ಬೆಳೆಯುತ್ತದೆ, ಬುಡ ಸತ್ತು ಪೀಟ್ ಆಗುತ್ತದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಸಾವಿರ ವರ್ಷಕ್ಕೆ ಒಂದು ಮೀಟರ್. ಕೆರೆಯಿದ್ದ ತಗ್ಗು ತುಂಬಿ, ಸುತ್ತಲ ಹೊಲಗಳಿಗಿಂತ ಎತ್ತರಕ್ಕೆ ಉಬ್ಬಿ ನಿಲ್ಲುತ್ತದೆ.

ಈ ಉಬ್ಬಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರು. ಹಾಲಿನಲ್ಲಿರುವಷ್ಟು ಗಟ್ಟಿಯೂ ಇದರಲ್ಲಿಲ್ಲ. ಆದರೂ ಮೇಲೆ ಗಿಡ ಬೆಳೆಯುತ್ತದೆ, ಮೊಲ ಓಡುತ್ತದೆ. ಜಾಗ ನೋಡಿ ಜಿಗಿದರೆ ನಾಲ್ಕಡಿ ಆಚೆ ನಿಂತವರ ಕಾಲಡಿಯ ನೆಲವೂ ಅದುರುತ್ತದೆ.

ಇದನ್ನು ಸುಲಭವಾಗಿ ನೋಡಲು ಆಫಲಿ ಕೌಂಟಿಯ ಕ್ಲಾರಾ ಜೌಗಿಗೆ ಹೋಗಬೇಕು. ಡಬ್ಲಿನ್‌ನಿಂದ ಗಾಲ್ವೇಗೆ ಹೋಗುವ ರೈಲು ಕ್ಲಾರಾ ಊರಲ್ಲಿ ನಿಲ್ಲುತ್ತದೆ. ಊರಿನ ಗ್ರಂಥಾಲಯದಲ್ಲೇ ಮಾಹಿತಿ ಕೇಂದ್ರವಿದೆ. ಅಲ್ಲಿಂದ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ಜೌಗು. ಮರದ ಹಲಗೆಯ ದಾರಿ ಒಂದು ಕಿಲೋಮೀಟರಿನಷ್ಟು ಸುತ್ತಿ ಹೊರಟಲ್ಲಿಗೇ ತಂದು ಬಿಡುತ್ತದೆ. ಮೊದಲ ನೋಟಕ್ಕೆ ಕಂದು ಬಯಲು, ಅಷ್ಟೇ. ಮಂಡಿಯೂರಿ ನೋಡಿದರೆ ಬಣ್ಣಗಳು ಬಿಡಿಸಿಕೊಳ್ಳುತ್ತವೆ: ಪಾಚಿಯಲ್ಲೇ ಹಸಿರು, ಕೇಸರಿ, ಹಳೆಯ ವೈನಿನ ಕೆಂಪು. ಮೇ, ಜೂನ್‌ನಲ್ಲಿ ಹತ್ತಿಯಂಥ ಬಿಳಿ ಕುಚ್ಚುಗಳು ಗಾಳಿಗೆ ಓಲಾಡುತ್ತವೆ. ಆಗಸ್ಟಿನಲ್ಲಿ ಹೆದರ್ ಪೊದೆಗಳು ನೇರಳೆ ಹೂ ಬಿಡುತ್ತವೆ. ಪಾಚಿಯ ನಡುವೆ ಕೆಂಪು ಕೂದಲಿನ ತುದಿಗೆ ಅಂಟು ಹನಿ ಹೊತ್ತ ಡ್ರೊಸೆರಾ ಗಿಡ, ನೊಣಕ್ಕಾಗಿ ಕಾದಿರುತ್ತದೆ. ಅದರ ಬಳಗದವರು ನಮ್ಮ ಕರಾವಳಿಯ ಮುರಕಲ್ಲು ಹಾಸಿನ ಮೇಲೂ ಮಳೆಗಾಲ ಕಳೆಯುವ ಹೊತ್ತಿಗೆ ಸಿಗುತ್ತಾರೆ. ಎರಡೂ ಕಡೆ ಕಾರಣ ಒಂದೇ, ನೆಲದಲ್ಲಿ ಸತ್ವವಿಲ್ಲ. ಹುಳು ಹಿಡಿದೇ ಹೊಟ್ಟೆ ತುಂಬಿಸಿಕೊಳ್ಳಬೇಕು.

ಕ್ಲಾರಾ ಉಳಿದದ್ದೂ ಕೂದಲೆಳೆಯಲ್ಲಿ. 1980ರ ದಶಕದ ಆರಂಭದಲ್ಲಿ ಪೀಟ್ ತೆಗೆಯಲೆಂದು ಅದರ ಪೂರ್ವದ ಅರ್ಧಕ್ಕೆ ಬಸಿಗಾಲುವೆ ತೋಡಿಯಾಗಿತ್ತು. ಆ ಹೊತ್ತಿಗೆ ಮೊದಲು ಎದ್ದು ಕೂಗಿದವರಲ್ಲಿ ಡಚ್ಚರೂ ಇದ್ದರು ಎಂಬುದು ಸ್ವಾರಸ್ಯದ ಸಂಗತಿ. ತಮ್ಮ ದೇಶದ ಜೌಗನ್ನೆಲ್ಲ ಕೊಯ್ದು ಮುಗಿಸಿದ್ದ ಅವರು ಐರ್ಲೆಂಡಿನದಾದರೂ ಉಳಿಯಲಿ ಎಂದು ಮತೈಸ್ ಸ್ಕೌಟನ್ ಎಂಬ ಯುವ ಸಂಶೋಧಕನ ಮುಂದಾಳತ್ವದಲ್ಲಿ ಹಣ ಸೇರಿಸಿ, ಮೂರು ಕಡೆ ಜೌಗು ನೆಲ ಕೊಂಡು, 1987ರಲ್ಲಿ ಐರಿಶ್ ಸರ್ಕಾರಕ್ಕೆ ಉಡುಗೊರೆಯಾಗಿ ಕೊಟ್ಟರು. ಕ್ಲಾರಾ ಜೌಗು ಸಂರಕ್ಷಿತ ನಿಸರ್ಗಧಾಮವಾದದ್ದೂ ಅದೇ ವರ್ಷ.

ಕೊಳೆಯದೆ ಉಳಿದ ದಾರಿ

ಕೊಳೆಸದ ಜೌಗು ಒಳ್ಳೆಯ ಉಗ್ರಾಣ. ಮರದ ಪೆಟ್ಟಿಗೆಯಲ್ಲಿ ಹೂತಿಟ್ಟ ಬೆಣ್ಣೆ ಶತಮಾನಗಳ ನಂತರ ಸಿಗುತ್ತದೆ. ಮನುಷ್ಯರೂ ಸಿಗುತ್ತಾರೆ. 2003ರಲ್ಲಿ ಎರಡು ಕಡೆ ಯಂತ್ರಗಳಿಗೆ ಸಿಕ್ಕಿದ ಎರಡು ದೇಹಗಳು ಸುಮಾರು 2,200 ವರ್ಷಕ್ಕಿಂತ ಹಳೆಯವು. ಇಬ್ಬರೂ ಕೊಲೆಯಾದ ಗಂಡಸರು. ಒಬ್ಬನ ತಲೆಗೂದಲಿಗೆ ಮೆತ್ತಿದ್ದ ಮರದ ಅಂಟು ಫ್ರಾನ್ಸ್ ಅಥವಾ ಸ್ಪೇನ್ ಕಡೆಯಿಂದ ಬಂದದ್ದು. ಇನ್ನೊಬ್ಬನ ಬೆರಳಿನ ಗುರುತು ಕೂಡ ಮಾಸಿಲ್ಲ, ದುಡಿದ ಕೈಗಳೂ ಅಲ್ಲ. ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಬ್ಬರನ್ನೂ ನೋಡಬಹುದು. ಜೌಗಿನ ಈ ನೆನಪಿನ ಶಕ್ತಿ ಕವಿ ಶೇಮಸ್ ಹೀನಿಗೆ ಜೀವನವಿಡೀ ಕಾವ್ಯದ ವಸ್ತುವಾಯಿತು.

ನಡೆಯುವವರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಲಾಂಗ್‌ಫರ್ಡ್ ಕೌಂಟಿಯ ಕೋರ್ಲಿ ದಾರಿ. ರಾಯಲ್ ಕೆನಾಲ್ ಹಾದುಹೋಗುವ ಕೀನಾ ಊರಿನ ಹತ್ತಿರ, 1984ರಲ್ಲಿ, ಪೀಟ್ ತೆಗೆಯುವಾಗ ಓಕ್ ಮರದ ಅಗಲ ಹಲಗೆಗಳು ಕಂಡವು. ಪುರಾತತ್ವಜ್ಞ ಬ್ಯಾರಿ ರಾಫ್ಟರಿ ಅಗೆದು ನೋಡಿದರೆ ಜೌಗಿಗೆ ಅಡ್ಡಲಾಗಿ ಸುಮಾರು ಒಂದು ಕಿಲೋಮೀಟರು ಉದ್ದದ, ಗಾಡಿ ಹೋಗುವಷ್ಟು ಅಗಲದ ರಸ್ತೆ. ಮರದ ವರ್ಷದುಂಗುರ ಎಣಿಸಿದಾಗ ಕಡಿದ ಕಾಲವೂ ತಿಳಿಯಿತು: ಕ್ರಿ.ಪೂ. 148. ಭಾರೀ ಹಲಗೆಗಳ ಆ ರಸ್ತೆ ತನ್ನ ಭಾರಕ್ಕೆ ತಾನೇ ಹತ್ತು ವರ್ಷದ ಒಳಗಾಗಿ ಮುಳುಗಿಹೋಯಿತೆಂದು ಅಂದಾಜು. ಅದರ 18 ಮೀಟರು ಭಾಗವನ್ನು ಅಲ್ಲೇ ಕಟ್ಟಿದ ಭವನದಲ್ಲಿ, ತೇವ ಆರದಂತೆ ಕಾಪಾಡಿ ಇಟ್ಟಿದ್ದಾರೆ. ಹೊರಗೆ ಬಂದರೆ ಇಂದಿನ ಹಲಗೆದಾರಿ. ಜೌಗಿನ ಮೇಲೆ ನಡೆಯುವುದಕ್ಕೆ ಎರಡು ಸಾವಿರ ವರ್ಷದಲ್ಲಿ ಯಾರಿಗೂ ಬೇರೆ ಉಪಾಯ ಹೊಳೆದಿಲ್ಲ.

ಪೀಟ್‌ನ ಪುಟಗಳನ್ನು ನಮ್ಮವರೂ ಓದಿದ್ದಾರೆ. ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಪೀಟ್ ಇದೆ. ಆನೆಗಳ ಅಧ್ಯಯನದಿಂದ ಹೆಸರಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಪೀಟ್‌ನಲ್ಲಿನ ಇಂಗಾಲವನ್ನು ಪರೀಕ್ಷಿಸಿ, ಕಳೆದ 20,000 ವರ್ಷಗಳಲ್ಲಿ ದಕ್ಷಿಣ ಭಾರತದ ಹವೆ ಯಾವಾಗ ಒಣಗಿತ್ತು, ಯಾವಾಗ ಮಳೆ ಹೆಚ್ಚಿತ್ತು ಎಂದು 1993ರ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಉರಿದುಹೋದ ನೆಲ

ಜೌಗಿನ ಅಂಚಿನ ಹಳ್ಳಿಗಳಲ್ಲಿ ಬೇಸಿಗೆ ಎಂದರೆ ಟರ್ಫ್ ಕೆಲಸ. ಪಕ್ಕಕ್ಕೊಂದು ರೆಕ್ಕೆಯಿರುವ ‘ಸ್ಲಾನ್’ ಎಂಬ ಸಲಿಕೆಯಿಂದ ಹೆಂಟೆ ಕೊಯ್ಯುವುದು, ಹರವುವುದು, ಅರೆ ಒಣಗಿದ ಮೇಲೆ ಐದಾರನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುವುದು. ಬಗ್ಗಿದ ಸೊಂಟ ನೆಟ್ಟಗಾಗಲು ವಾರ ಹಿಡಿಯುತ್ತಿತ್ತು. ಮನೆಯೊಂದರ ಚಳಿಗಾಲದ ಬೆಂಕಿಗೆ ಇಷ್ಟು ಸಾಕಿತ್ತು. ದೇಶದ ವಿದ್ಯುತ್ತಿಗೆ ಸಾಲದು. ಸ್ವತಂತ್ರ ಐರ್ಲೆಂಡಿಗೆ ಹೇಳಿಕೊಳ್ಳುವಂಥ ಕಲ್ಲಿದ್ದಲಾಗಲಿ, ಎಣ್ಣೆಯಾಗಲಿ ಇರಲಿಲ್ಲ. ಇದ್ದದ್ದು ಪೀಟ್. 1946ರಲ್ಲಿ ‘ಬೋರ್ಡ್ ನಾ ಮೋನಾ’ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಬಸಿಗಾಲುವೆ ತೋಡಿ, ಜೌಗನ್ನು ಒಣಗಿಸಿ, ಯಂತ್ರದಿಂದ ಮೇಲ್ಪದರ ಕೆರೆದು ಪುಡಿ ಮಾಡಿ, ಕಿರುಹಳಿಯ ರೈಲಿನಲ್ಲಿ ವಿದ್ಯುತ್ ಕೇಂದ್ರಗಳಿಗೆ ಸಾಗಿಸಿತು. ಕೆಲಸವಿಲ್ಲದೆ ಇಂಗ್ಲೆಂಡಿಗೆ ಹಡಗು ಹತ್ತುತ್ತಿದ್ದ ನಡುನಾಡಿನ ಹುಡುಗರಿಗೆ ಊರಲ್ಲೇ ಸಂಬಳ ಸಿಕ್ಕಿತು. ಊರುಗಳು ಬೆಳೆದವು, ಶಾಲೆಗಳು ತುಂಬಿದವು. ಇದನ್ನು ಮರೆತು ಜೌಗಿನ ಕಥೆ ಹೇಳಿದರೆ ಅದು ಅರ್ಧ ಕಥೆ.

ಇನ್ನರ್ಧ ಲೆಕ್ಕಪುಸ್ತಕದಲ್ಲಿದೆ. ಭೂಮಿಯ ನೆಲದಲ್ಲಿ ಪೀಟ್ ಪ್ರದೇಶ ಶೇಕಡಾ 3ರಷ್ಟು. ಅದರೊಳಗಿನ ಇಂಗಾಲ ಜಗತ್ತಿನ ಕಾಡುಮರಗಳಲ್ಲಿ ಇರುವುದಕ್ಕಿಂತ ಹೆಚ್ಚು. ಒಣಗಿಸಿದರೆ ಗಾಳಿ ತಾಗಿ ಕೊಳೆಯಲು ಶುರುವಾಗಿ ಆ ಇಂಗಾಲ ಆಕಾಶ ಸೇರುತ್ತದೆ. ಸುಟ್ಟರೆ ಅಷ್ಟೇ ಶಾಖಕ್ಕೆ ಕಲ್ಲಿದ್ದಲಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಐರ್ಲೆಂಡಿನ ಉಬ್ಬು ಜೌಗಿನಲ್ಲಿ ಇಂದಿಗೂ ಪೀಟ್ ಕಟ್ಟುತ್ತಿರುವ ಭಾಗ ಮೂಲದ ಶೇಕಡಾ 1ಕ್ಕಿಂತ ಕಡಿಮೆ. 2020ರ ಕೊನೆಗೆ ಎರಡು ಪೀಟ್ ವಿದ್ಯುತ್ ಕೇಂದ್ರಗಳು ಮುಚ್ಚಿದವು. 2021ರ ಜನವರಿಯಲ್ಲಿ ಬೋರ್ಡ್ ನಾ ಮೋನಾ ಪೀಟ್ ತೆಗೆಯುವುದನ್ನು ಪೂರ್ತಿ ನಿಲ್ಲಿಸಿರುವುದಾಗಿ ಹೇಳಿತು. ಎಡೆಂಡೆರಿಯ ಕೇಂದ್ರ 2023ರ ಕೊನೆಗೆ ಪೀಟ್ ಉರಿಸುವುದನ್ನು ಬಿಟ್ಟಿತು. ಸುಮಾರು 33,000 ಹೆಕ್ಟೇರಿನಲ್ಲಿ ಹಳೆಯ ಬಸಿಗಾಲುವೆಗಳಿಗೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸುವ ಯೋಜನೆ ನಡೆದಿದೆ. ಬಸಿಯುವ ಕೆಲಸ ಮಾಡಿದವರೇ ಹಲವು ಕಡೆ ಈಗ ಅದನ್ನು ಮುಚ್ಚುತ್ತಿದ್ದಾರೆ.

ಈ ಬದಲಾವಣೆಯನ್ನು ಕಣ್ಣಾರೆ ನೋಡಲು ಆಫಲಿಯ ಲಾಖ್ ಬೂರಾ ಒಳ್ಳೆಯ ಜಾಗ. ಪೀಟ್ ತೆಗೆದು ಬರಿದಾದ ನೆಲದಲ್ಲಿ ಕೆರೆ, ಪೊದೆ, ಹಕ್ಕಿಗಳು ಬಂದಿವೆ. ಐರ್ಲೆಂಡಿನಲ್ಲಿ ಅಳಿವಿನಂಚಿಗೆ ಬಂದಿದ್ದ ಬೂದು ಕವುಜುಗ ಇಲ್ಲಿ ಉಳಿದುಕೊಂಡಿದೆ. 1977ರಲ್ಲಿ ಇಲ್ಲಿ ಪತ್ತೆಯಾದ ಬೇಟೆಗಾರರ ಬೀಡು ಎಂಟು ಸಾವಿರ ವರ್ಷಕ್ಕೂ ಹಳೆಯದು. ಬೇರೆ ಬೇರೆ ಬಣ್ಣದ ಗುರುತಿನ ನಡಿಗೆ ದಾರಿಗಳು, ಬಾಡಿಗೆ ಸೈಕಲ್ಲುಗಳು, 2002ರಿಂದ ಕಲಾವಿದರು ಅಲ್ಲಿನ ಕಬ್ಬಿಣ, ಮರ, ಕಲ್ಲುಗಳಿಂದಲೇ ಮಾಡಿದ ಶಿಲ್ಪಗಳು. ಮೈಕಲ್ ಬುಲ್ಫಿನ್ ಮಾಡಿದ ‘ಸ್ಕೈ ಟ್ರೇನ್’ನಲ್ಲಿ ಪೀಟ್ ಹೊತ್ತ ಹಳೆಯ ಎಂಜಿನ್ನೂ ಡಬ್ಬಿಗಳೂ ದಿಬ್ಬ ಹತ್ತಿ ಆಕಾಶಕ್ಕೆ ಹೊರಟಂತೆ ನಿಂತಿವೆ.

ಎಲ್ಲ ಕಡೆ ಬದಲಾವಣೆ ಮೇಲಿನಿಂದ ಬಂದದ್ದಲ್ಲ. ಲೀಶ್ ಕೌಂಟಿಯ ಆ್ಯಬಿಲೀಕ್ಸ್ ಊರಿನವರು 2000ದ ಬೇಸಿಗೆಯಲ್ಲಿ ತಮ್ಮೂರ ಜೌಗಿಗೆ ಬಂದ ಬೋರ್ಡ್ ನಾ ಮೋನಾದ ಯಂತ್ರಗಳ ಎದುರು ನಿಂತರು. ವರ್ಷಗಳ ಮಾತುಕತೆಯ ನಂತರ ಅದೇ ಸಂಸ್ಥೆ ಜೌಗನ್ನು ಐವತ್ತು ವರ್ಷಕ್ಕೆ ಊರಿನವರಿಗೆ ಗುತ್ತಿಗೆ ಕೊಟ್ಟಿತು. ಇವತ್ತು ಅಲ್ಲಿನ ಹಲಗೆದಾರಿಯನ್ನು ನೋಡಿಕೊಳ್ಳುತ್ತಿರುವುದು ಊರಿನ ಸ್ವಯಂಸೇವಕರು.

ಹೊರಡುವವರಿಗೆ

ಮೊದಲ ಸಲಕ್ಕೆ ಮೇನೂತ್‌ನಿಂದ ಕಿಲ್‌ಕಾಕ್. ಡಬ್ಲಿನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ನಾಲೆ ನಿಲ್ದಾಣದ ಪಕ್ಕದಲ್ಲೇ. ಆರೇಳು ಕಿಲೋಮೀಟರು, ವಯಸ್ಸಾದವರಿಗೂ ಎರಡು ಎರಡೂವರೆ ಗಂಟೆ. ಕಿಲ್‌ಕಾಕ್‌ನಲ್ಲೂ ರೈಲು ಸಿಗುತ್ತದೆ. ಇಷ್ಟೂ ಬೇಡವೆಂದರೆ ನಗರದೊಳಗೇ ಪೋರ್ಟೊಬೆಲ್ಲೊದಿಂದ ಗ್ರ್ಯಾಂಡ್ ಕೆನಾಲ್ ಡಾಕ್‌ವರೆಗೆ ಮರಗಳ ನೆರಳಿನಲ್ಲಿ ನಡೆಯಬಹುದು. ದಾರಿಯಲ್ಲಿ ಬೆಂಚಿನ ಮೇಲೆ ಕವಿ ಪ್ಯಾಟ್ರಿಕ್ ಕ್ಯಾವನಾ ಕಂಚಾಗಿ ಕುಳಿತಿದ್ದಾನೆ, ಪಕ್ಕದಲ್ಲಿ ಜಾಗವೂ ಇದೆ. ಕ್ಲಾರಾಕ್ಕೆ ರೈಲು, ಲಾಖ್ ಬೂರಾಕ್ಕೆ ಕಾರು. ಕೋರ್ಲಿಯ ಭವನ ಚಳಿಗಾಲದಲ್ಲಿ ಮುಚ್ಚಿರುವುದರಿಂದ ವಿಚಾರಿಸಿ ಹೋಗಿ.

ಮೇ ಮತ್ತು ಜೂನ್ ಒಳ್ಳೆಯ ಕಾಲ. ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಮಳೆಯ ಜರ್ಕಿನ್ ಯಾವ ತಿಂಗಳಲ್ಲೂ ಬಿಟ್ಟು ಹೋಗಬೇಡಿ. ಗಾಳಿಯಿಲ್ಲದ ಬೇಸಿಗೆಯ ಸಂಜೆ ಜೌಗಿನ ಬಳಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಮುತ್ತುತ್ತವೆ. ದಾರಿಯಲ್ಲಿ ಹೋಟೆಲು ಅಪರೂಪ, ಚಿತ್ರಾನ್ನದ ಡಬ್ಬಿ ಜೊತೆಗಿರಲಿ. ನಮ್ಮ ನಾಲೆ ಏರಿಯ ಮೇಲೆ ಹುಲ್ಲು ಸರಿಸಿ ಕಾಲಿಡುವ ಅಭ್ಯಾಸವಿದ್ದವರಿಗೆ ಒಂದು ಸಮಾಧಾನ: ಐರ್ಲೆಂಡಿನ ಕಾಡುಮೇಡಿನಲ್ಲಿ ಹಾವುಗಳಿಲ್ಲ. ಜೌಗಿನಲ್ಲಿ ಮಾತ್ರ ಹಲಗೆ ಬಿಟ್ಟು ಇಳಿಯಬೇಡಿ. ಪಾಚಿಯಡಿ ಆಳದ ನೀರಿರಬಹುದು ಎಂಬುದು ಒಂದು ಕಾರಣ. ವರ್ಷಕ್ಕೊಂದು ಮಿಲಿಮೀಟರು ಬೆಳೆದದ್ದು ಒಂದು ಹೆಜ್ಜೆಗೆ ಎಷ್ಟು ವರ್ಷ ಹಿಂದೆ ಹೋಗುತ್ತದೆ ಎಂಬುದು ಇನ್ನೊಂದು.

ಗ್ರೀನ್‌ವೇಗೆ ಬರುವ ಪ್ರವಾಸಿಗಳು ಕುಡಿಯುವ ಕಾಫಿಯ ದುಡ್ಡು ವಿದ್ಯುತ್ ಕೇಂದ್ರದ ಸಂಬಳಕ್ಕೆ ಸಮವಾಗುತ್ತದೆಯೇ ಎಂದು ನಡುನಾಡಿನವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಕಾಫಿಯೊಂದರಿಂದ ಆಗುವುದಿಲ್ಲ. ಆದರೆ ಕೆಲಸ ಇಲ್ಲವೆಂದಲ್ಲ, ಅದರ ದಿಕ್ಕು ಬದಲಾಗಿದೆ. ನಾಲೆಯನ್ನು ಬಿಟ್ಟುಬಿಟ್ಟರೆ ಕೆಲವೇ ವರ್ಷಗಳಲ್ಲಿ ಜೊಂಡು ತುಂಬುತ್ತದೆ, ಏರಿ ಸೋರುತ್ತದೆ. ಬಸಿದ ಜೌಗನ್ನು ಬಿಟ್ಟುಬಿಟ್ಟರೆ ಒಣಗಿ ಕುಗ್ಗುತ್ತಲೇ ಹೋಗುತ್ತದೆ. ಒಂದನ್ನು ದೋಣಿಗಾಗಿ ತೋಡಿದರು, ಇನ್ನೊಂದನ್ನು ಬೆಂಕಿಗಾಗಿ ಬಸಿದರು. ಇವತ್ತು ಎರಡೂ ಕಡೆ ಎಂಜಿನಿಯರಿಗೂ ಕೂಲಿಗೂ ಇರುವ ಕೆಲಸ ಒಂದೇ, ನೀರು ಸೋರಿಹೋಗದಂತೆ ನೋಡಿಕೊಳ್ಳುವುದು. ಅದು ನಿಂತರೆ ಈ ಸುಲಭದ ನಡಿಗೆಯೂ ನಿಲ್ಲುತ್ತದೆ.